ನೋವು ಹೋಯಿತೆಂದು ಸುಮ್ಮನಿರಬೇಡಿ, ಅಮ್ಮನ ಮುಖ ನೋಡಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟು ಇದಕ್ಕೇ ಉತ್ತರ ಬರೆಯಲು ಕೂತಿದ್ದೇನೆ.

ಬರೆದವರು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು. ಅಪ್ಪ ಅಮ್ಮ ಇರುವುದು ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ. ಅಮ್ಮನಿಗೆ 68 ವರ್ಷ, ಹಳೆಯ ಮಂಡಿನೋವು. ಮಳೆಗಾಲಕ್ಕೆ ಮುಂಚೆ ಶಿವಮೊಗ್ಗಕ್ಕೆ ಬಂದಾಗ ಬಸ್ ನಿಲ್ದಾಣದಲ್ಲಿ ಯಾರೋ ಹೆಂಗಸು ಮಾತಾಡಿಸಿದ್ದಾಳೆ. ‘ನಮ್ಮತ್ತೆಗೂ ಹೀಗೇ ಇತ್ತಮ್ಮಾ, ಈಗ ಗುಡ್ಡ ಹತ್ತಿ ತೋಟಕ್ಕೆ ಹೋಗ್ತಾರೆ’ ಅಂದು ಒಂದು ಗಿಡಮೂಲಿಕೆ ಅಂಗಡಿ ತೋರಿಸಿದ್ದಾಳೆ. ಮೊದಲ ದಿನವೇ 18 ಸಾವಿರ. ಐದು ತಿಂಗಳಲ್ಲಿ ಅಡಿಕೆ ಮಾರಿದ ದುಡ್ಡಿನಿಂದ 90 ಸಾವಿರ ಹೋಗಿದೆ. ‘ಆಯುಷ್ಮಾನ್ ಕಾರ್ಡಿನಿಂದ ಅರ್ಧ ದುಡ್ಡು ವಾಪಸ್ ಬರುತ್ತೆ’ ಅಂತ ಆಧಾರ್ ಜೆರಾಕ್ಸನ್ನೂ ಇಟ್ಟುಕೊಂಡಿದ್ದಾರೆ. ಅಜ್ಜಿಯ ತಿಥಿಯ ದಿನ ಸಂಗತಿ ಹೊರಬಿತ್ತು. ಅಣ್ಣ ನೆಂಟರ ಎದುರಿಗೇ ಅಮ್ಮನ ಮೇಲೆ ಕೂಗಾಡಿದ. ಅವತ್ತಿನಿಂದ ಅಮ್ಮ ಅವನ ಹತ್ತಿರ ಮಾತಾಡುತ್ತಿಲ್ಲ.

ಮಗಳ ಪ್ರಶ್ನೆ ಇದು: ‘ಅಣ್ಣ ಪೊಲೀಸರಿಗೆ ದೂರು ಕೊಡೋಣ ಅಂತಾನೆ, ಅಮ್ಮ ಬೇಡ ಅಂತ ಅಳ್ತಾರೆ. ನೋವು ಮೂರೇ ದಿನಕ್ಕೆ ಹೋಯ್ತಂತೆ. ಹಸಿವು ಚೆನ್ನಾಗಿದೆ, ಮುಖ ತುಂಬಿಕೊಂಡು ಲಕ್ಷಣವಾಗಿದ್ದಾರೆ. ಹೀಗಿರುವಾಗ ಮೋಸ ಅಂತ ಹೇಗೆ ಹೇಳೋದು? ಸುಮ್ಮನಿದ್ದುಬಿಡಲಾ?’

ತಂಗೀ, ಮುಖ ತುಂಬಿಕೊಂಡಿದೆ ಅನ್ನುವುದನ್ನು ನೀವು ಸಮಾಧಾನದ ಮಾತಾಗಿ ಬರೆದಿದ್ದೀರಿ. ನನಗೆ ಎದೆ ಧಸಕ್ಕೆಂದದ್ದು ಅಲ್ಲೇ. ಎಷ್ಟೋ ವರ್ಷದ ಮಂಡಿನೋವು ಮೂರು ದಿನಕ್ಕೆ ಮಾಯವಾಗಿ, ಹಸಿವು ಜಾಸ್ತಿಯಾಗಿ, ಕೆನ್ನೆ ಉಬ್ಬಿ ಮುಖ ದುಂಡಗಾದರೆ ಮೊದಲು ಅನುಮಾನ ಪಡಬೇಕಾದದ್ದು ಸ್ಟೀರಾಯ್ಡ್ ಮೇಲೆ. ಗಿಡಮೂಲಿಕೆ ಅಂತ ಮಾರುವ ನೋವಿನ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಗಳನ್ನು ಅರೆದು ಸೇರಿಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಅವು ಊತ, ನೋವನ್ನು ಬೇಗ ಅಡಗಿಸುತ್ತವೆ. ಸವೆದ ಮಂಡಿ ಮಾತ್ರ ಸವೆದ ಹಾಗೇ ಇರುತ್ತದೆ. ತಿಂಗಳುಗಟ್ಟಲೆ ಲೆಕ್ಕವಿಲ್ಲದೆ ತಿಂದರೆ ಸಕ್ಕರೆ ಏರುತ್ತದೆ, ಬಿಪಿ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ.

ನಾನು ಡಾಕ್ಟರಲ್ಲ. ಇದು ಅನುಮಾನ, ಪರೀಕ್ಷೆ ಮಾಡಿಯೇ ತಿಳಿಯಬೇಕು. ಆದರೆ ಹೆದರಿ ಇವತ್ತೇ ಪುಡಿಯನ್ನು ಬಚ್ಚಲಿಗೆ ಸುರಿಯಬೇಡಿ. ಹೆಚ್ಚು ದಿನ ಸ್ಟೀರಾಯ್ಡ್ ಹೊರಗಿನಿಂದ ಬರುತ್ತಿದ್ದರೆ, ಅದೇ ಬಗೆಯ ರಸವನ್ನು ದೇಹ ತಾನಾಗಿ ತಯಾರಿಸುವುದು ಕಡಿಮೆಯಾಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಸುಸ್ತು, ವಾಂತಿ, ಬಿಪಿ ಕುಸಿತ, ಕೆಲವೊಮ್ಮೆ ಜೀವಕ್ಕೇ ಅಪಾಯ. ಹೇಗೆ ಇಳಿಸಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು. ‘ಸುಮ್ಮನಿದ್ದುಬಿಡಲಾ’ ಎಂದು ಕೇಳಿದಿರಲ್ಲ, ಸುಮ್ಮನಿರಲೇಬಾರದು.

ಇನ್ನು ಮೋಸ ಹೌದೋ ಅಲ್ಲವೋ ಅನ್ನುವ ಮಾತು. ನೋವು ಹೋದ ಮಾತ್ರಕ್ಕೆ ಮೋಸ ಅಲ್ಲ ಅಂತಾಗುವುದಿಲ್ಲ. ಆ ಹೆಂಗಸು ಅಲ್ಲಿ ಸುಮ್ನೆ ನಿಂತಿರಲಿಲ್ಲ. ಕುಂಟುತ್ತಾ ನಡೆಯುವ ಹಿರಿಯರನ್ನು ಗುರುತಿಸುವುದೇ ಅಂಥವರ ಕೆಲಸ. ಅಂಗಡಿಯಲ್ಲಿ ಹತ್ತು ಡಬ್ಬಿಯಿಂದ ಚೂರು ಚೂರು ತೆಗೆದು, ಅರೆದು, ಕಲಸಿದ ಮೇಲೆ ಗ್ರಾಂ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ. ‘ಕಲಸಿಯಾಯ್ತು, ಇನ್ನು ವಾಪಸ್ ತಗೊಳ್ಳಕ್ಕಾಗಲ್ಲ’ ಅಂತಾರೆ. ಮರ್ಯಾದಸ್ಥ ಜೀವ ಏನು ಮಾಡುತ್ತದೆ? ಕೊಡುತ್ತದೆ. ನಮ್ಮ ಮಲೆನಾಡಿನಲ್ಲಿ ಅಮೃತಬಳ್ಳಿ, ಒಂದೆಲಗ ಹಿತ್ತಲಲ್ಲೇ ಇರುತ್ತವೆ. ಎಲೆ ಅಡಿಕೆಯ ಜೊತೆ ಕೈಲಾದಷ್ಟು ಕಾಣಿಕೆ ಇಟ್ಟರೆ ಸಾಕು ಅನ್ನುತ್ತಿದ್ದ ನಾಟಿ ವೈದ್ಯರನ್ನು ನಿಮ್ಮ ತಾಯಿ ಕಂಡಿರುತ್ತಾರೆ. ಆ ನಂಬಿಕೆಯನ್ನೇ ಈ ಜನ ಬಳಸಿಕೊಂಡರು. ಇದರಲ್ಲಿ ಅಮ್ಮನ ತಪ್ಪು ನನಗೆ ಎಳ್ಳಷ್ಟೂ ಕಾಣುವುದಿಲ್ಲ.

ತಪ್ಪು ಕಾಣುವುದು ನಿಮ್ಮ ಅಣ್ಣನದು. ಹೌದು, ಅವರು ಕಾನೂನಿನ ಮಾತಾಡಿದ್ದು ಸರಿ. ಆದರೆ ತಿಥಿ ಊಟಕ್ಕೆ ಬಂದವರೆದುರು ತಾಯಿಯ ಮಾನ ತೆಗೆದರಲ್ಲ, ಆ ಅಂಗಡಿಯವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕಿರಲಿಲ್ಲ. ನಾಳೆ ಯಾರಾದರೂ ಫೋನ್ ಮಾಡಿ ಓಟಿಪಿ ಕೇಳಿದರೂ ನಿಮ್ಮ ತಾಯಿ ಮಕ್ಕಳಿಗೆ ಹೇಳುವುದಿಲ್ಲ. ಬೈಸಿಕೊಂಡವರು ಬಚ್ಚಿಡುತ್ತಾರೆ. ಅಣ್ಣ ಮೊದಲು ಕ್ಷಮೆ ಕೇಳಲಿ, ಅದೂ ಅಪ್ಪನ ಎದುರಿಗೇ. ದೂರಿನ ಮಾತು ಆಮೇಲೆ.

ಆಧಾರ್ ವಿಷಯ ತಳ್ಳಿಹಾಕಬೇಡಿ. ಆಯುಷ್ಮಾನ್ ಯೋಜನೆ ಇರುವುದು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ, ಹಣ ಹೋಗುವುದು ಆಸ್ಪತ್ರೆಗೆ. ಅಂಗಡಿ ಪುಡಿಗೆ ಅದರಿಂದ ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ಅಮ್ಮನ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ. ಖಾತೆಯಿಂದ ಗೊತ್ತಿಲ್ಲದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈ ಅಂಕಣದಲ್ಲಿ ಎಷ್ಟು ಸಲ ಹೇಳಿದರೂ ನನಗೆ ಸಾಲದು: ಬಿಲ್ ಇಲ್ಲದ, ಲೇಬಲ್ ಇಲ್ಲದ ಔಷಧಿ ಮನೆಯೊಳಗೆ ಬರಬಾರದು. ತಯಾರಿಸಿ ಮಾರುವ ಆಯುರ್ವೇದ ಔಷಧಿಯ ಮೇಲೂ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗೆ ಏನೇನಿದೆ ಅನ್ನುವುದು ಇರಲೇಬೇಕು. ಸಂಧಿವಾತ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾನೂನೇ ತಡೆದಿದೆ. ಅಂಥ ಬೋರ್ಡು, ಕರಪತ್ರ ಕಂಡರೆ ಜಾಗ ಖಾಲಿ ಮಾಡಬೇಕು, ಅಷ್ಟೇ.

ದೂರು ಕೊಡಿ, ಕೊಡಲೇಬೇಕು. ಠಾಣೆಗೂ ಕೊಡಿ, ಜಿಲ್ಲಾ ಆಯುಷ್ ಅಧಿಕಾರಿಗೂ ಕೊಡಿ. ಅದಕ್ಕೆ ಉಳಿದ ಪುಡಿಯೇ ಸಾಕ್ಷಿ. ಆದರೆ ಅಮ್ಮ ಒಪ್ಪಿದ ಮೇಲೆ, ಅಮ್ಮನ ಜೊತೆಯಲ್ಲಿ ಕೂತು ಬರೆದು ಕೊಡಿ. ಹಿರಿಯರ ಸಹಾಯವಾಣಿ 14567 ಇದೆ, ಅವರನ್ನೂ ಕೇಳಬಹುದು.

ಇಷ್ಟೆಲ್ಲ ಬರೆದರೂ ನಿಮಗೆ ನಾನು ಹೇಳುವ ಕೆಲಸ ಒಂದೇ. ಇವತ್ತು ರಾತ್ರಿಯೇ ಊರಿನ ಬಸ್ ಹತ್ತಿ. ನಾಳೆ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು, ಪುಡಿಯ ಪೊಟ್ಟಣವನ್ನೂ ಹಿಡಿದುಕೊಂಡು, ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಹೋಗಿ. ‘ಐದು ತಿಂಗಳಿಂದ ಇದನ್ನು ತಿಂತಿದ್ದಾರೆ, ಸ್ಟೀರಾಯ್ಡ್ ಇರಬಹುದಾ ನೋಡಿ’ ಅಂತ ಬಾಯಿಬಿಟ್ಟು ಹೇಳಿ. ಸಕ್ಕರೆ, ಬಿಪಿ ಅಲ್ಲೇ ನೋಡಿಸಿ. ಪುಡಿಯನ್ನೆಲ್ಲ ಅಲ್ಲಿ ಕೊಟ್ಟು ಬರಬೇಡಿ, ದೂರಿಗೆ ಸ್ವಲ್ಪ ಎತ್ತಿಟ್ಟಿರಿ.