ಗ್ಲಾಸು ತಾಗಿಸೋದು ವಿಷದ ಭಯಕ್ಕಾ?

ಮೈಸೂರಿನ ಕುವೆಂಪುನಗರದ ಓದುಗರೊಬ್ಬರು ಕೇಳಿದ್ದಾರೆ: "ಕಂಪನಿ ಪಾರ್ಟಿಯಲ್ಲಿ ಎಲ್ಲರೂ ಗ್ಲಾಸು ತಾಗಿಸಿ ಚಿಯರ್ಸ್ ಅಂದರು. ಒಬ್ಬರ ವೈನು ಇನ್ನೊಬ್ಬರ ಲೋಟಕ್ಕೆ ತುಳುಕಿ, ವಿಷ ಹಾಕಿಲ್ಲ ಅಂತ ಗೊತ್ತಾಗಲಿ ಎಂದೇ ಈ ಪದ್ಧತಿ ಬಂತಂತೆ. ನಿಜವೇ? ನಾನು ಕುಡಿಯುವುದಿಲ್ಲ. ಮೂಸಂಬಿ ಜ್ಯೂಸ್ ಎತ್ತಿದ್ದಕ್ಕೆ ನಕ್ಕರು. ತಪ್ಪಾಯಿತೇ?"

ವಿಷದ ಕಥೆ ಕೇಳಲು ಚೆನ್ನಾಗಿದೆ, ಪುರಾವೆ ಮಾತ್ರ ಇಲ್ಲ. ಹಾಗೆ ತುಳುಕಿಸಲು ಹೋದರೆ ಅಂಗಿ ಮೇಲೆ ಬೀಳೋದೇ ಜಾಸ್ತಿ ಅಲ್ವಾ? ಹಳೇ ಗ್ರೀಕರ ಕೂಟದಲ್ಲಂತೂ ಒಂದೇ ದೊಡ್ಡ ಪಾತ್ರೆಯಲ್ಲಿ ವೈನಿಗೆ ನೀರು ಬೆರೆಸಿ, ಎಲ್ಲರಿಗೂ ಅದರಿಂದಲೇ ಬಡಿಸುತ್ತಿದ್ದರು. ಕುಡಿಯುವ ಮೊದಲು ದೇವರ ಹೆಸರಲ್ಲಿ ಒಂದಿಷ್ಟು ಸುರಿಯುತ್ತಿದ್ದರು. ರೋಮಿನವರು ಇದರೊಳಗೆ ರಾಜಕೀಯ ತಂದರು. ಮುಂದೆ ಅಗಸ್ಟಸ್ ಚಕ್ರವರ್ತಿ ಎನಿಸಿಕೊಂಡ ಆಕ್ಟೇವಿಯನ್ನನ ಹೆಸರಲ್ಲಿ ಎಲ್ಲ ಔತಣಗಳಲ್ಲೂ, ಮನೆಯೊಳಗಿನದ್ದಾದರೂ ಸರಿ, ವೈನ್ ಸುರಿಯಬೇಕು ಅಂತ ಕ್ರಿ.ಪೂ. 30ರಲ್ಲಿ ಸೆನೆಟ್ ಠರಾವು ಮಾಡಿತು!

ಕುಡಿಯುವ ಮೊದಲು ಹೀಗೆ ಎರೆಯೋದು ನಮ್ಮಲ್ಲೂ ಇತ್ತು. 10ನೇ ಶತಮಾನದ ಪಂಪ ತನ್ನ ಭಾರತದಲ್ಲಿ ಒಂದು ಪಾನಗೋಷ್ಠಿಯನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ಅಲ್ಲಿ ಸೇರಿದವರು ಮೊದಲು ಕಳ್ಳಿನ ದೇವತೆಗೆ ಪೂಜೆ ಮಾಡುತ್ತಾರೆ. ಬಟ್ಟಲು ತುಂಬಿಸಿ ನೆಲಕ್ಕೆ ಎರೆದು ಕೈಮುಗಿಯುತ್ತಾರೆ, ತಲೆಗೆ ಚಿಮುಕಿಸಿಕೊಳ್ಳುತ್ತಾರೆ. ಕಳ್ಳಲ್ಲೇ ಬೊಟ್ಟಿಟ್ಟುಕೊಂಡು ಅಕ್ಕಪಕ್ಕದವರಿಗೂ ಇಡುತ್ತಾರೆ. ಯಾರು ಹಿರಿಯರು, ಯಾರು ಕಿರಿಯರು ಅಂತ ನೋಡಿ ನಮಸ್ಕಾರ. ಆಮೇಲೇ ಕುಡಿತ. ನಿಮ್ಮ ಪಾರ್ಟಿಗಿಂತ ಶಿಸ್ತು ಜಾಸ್ತಿ ಅನ್ನಿಸುತ್ತದೆ!

ಈಗಲೂ ಮಂಡ್ಯ ಸೀಮೆಯ ಹಳ್ಳಿಗಳಿಗೆ ಪಿತೃಪಕ್ಷದಲ್ಲಿ ಹೋಗಿ ನೋಡಿ. ತೀರಿಹೋದ ತಾತನ ಫೋಟೊ ಮುಂದೆ ಬಾಳೆಲೆ ಎಡೆ: ಮುದ್ದೆ, ಬಾಡಿನ ಸಾರು, ವಡೆ, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ಕ್ವಾರ್ಟರ್ ಬಾಟ್ಲಿ. ಮೊದಲು ಅವರಿಗೆ, ಆಮೇಲೆ ಮನೆಯವರಿಗೆ.

ಇನ್ನು ಒಬ್ಬರ ಹೆಸರಲ್ಲಿ ಲೋಟ ಎತ್ತಿ ಕುಡಿಯೋದಕ್ಕೆ ಟೋಸ್ಟ್ ಅನ್ನೋ ಹೆಸರು ಇಂಗ್ಲೆಂಡಿನದು. ಅಲ್ಲಿ ಮಸಾಲೆ ಹಚ್ಚಿ ಸುಟ್ಟ ಬ್ರೆಡ್ಡಿನ ತುಂಡನ್ನು, ಅಂದರೆ ಟೋಸ್ಟನ್ನು, ವೈನಿಗೆ ಹಾಕುತ್ತಿದ್ದರು. 1709ರಲ್ಲಿ ಲಂಡನ್ನಿನ 'ಟ್ಯಾಟ್ಲರ್' ಪತ್ರಿಕೆ ಒಂದು ತಮಾಷೆ ಅಚ್ಚು ಹಾಕಿತು. ಬಾತ್ ಊರಿನ ಸ್ನಾನದ ಕೊಳದಲ್ಲಿ ಒಬ್ಬ ಸುಂದರಿ ನಿಂತಿದ್ದಳಂತೆ. ಅಭಿಮಾನಿಯೊಬ್ಬ ಅದೇ ನೀರನ್ನು ಲೋಟದಲ್ಲಿ ತುಂಬಿ ಅವಳ ಹೆಸರಲ್ಲಿ ಕುಡಿದನಂತೆ. ಪಕ್ಕದಲ್ಲಿದ್ದ ಅರ್ಧ ಅಮಲಿನವನು, "ನೀರು ಬೇಡ, ಅದರಲ್ಲಿರೋ ಟೋಸ್ಟ್ ಸಾಕು" ಅಂತ, ಅಂದರೆ ಆ ಸುಂದರಿಯೇ ಸಾಕು ಅಂತ, ಕೊಳಕ್ಕೆ ಹಾರಲು ಹೊರಟನಂತೆ. ನಂಬಬೇಕೋ ಬೇಡವೋ! ಕಥೆ ಚೆನ್ನಾಗಿದ್ದರೆ ಪತ್ರಿಕೆಯವರು ಆಗಲೂ ಬಿಡುತ್ತಿರಲಿಲ್ಲ.

ಮೂಸಂಬಿ ಜ್ಯೂಸ್ ಎತ್ತಿದ್ದರಲ್ಲಿ ತಪ್ಪೇನೂ ಇಲ್ಲ. ಯಾರ ಹೆಸರಲ್ಲಿ ಎತ್ತುತ್ತೀರಿ ಅನ್ನೋದು ಮುಖ್ಯ, ಲೋಟದಲ್ಲಿ ಏನಿದೆ ಅನ್ನೋದಲ್ಲ. ಒಂದೇ ಒಂದು ಶಿಷ್ಟಾಚಾರ ಗೊತ್ತಿರಲಿ: ನಿಮ್ಮ ಹೆಸರಲ್ಲೇ ಟೋಸ್ಟ್ ಹೇಳಿದಾಗ ನೀವು ಕುಡಿಯಬಾರದು. ಸುಮ್ನೆ ನಕ್ಕು ಥ್ಯಾಂಕ್ಸ್ ಹೇಳಿ, ಆಮೇಲೆ ಜ್ಯೂಸ್ ಮುಗಿಸಿ.

– ಸಂಪಾದಕ