ಕುಂಬ್ಳೆ ಇನ್ನೂ ಸ್ವಲ್ಪ ದಿನ ಆಡಬೇಕಿತ್ತಾ?

ನೀವು ಕೇಳಿರುವುದು ಎರಡು. ಸ್ಪಿನ್ನರ್ ಅನಿಲ್ ಕುಂಬ್ಳೆ ನಿವೃತ್ತಿ ಹೇಳಿದ ದಿನ ಅಭಿಮಾನಿಯಾಗಿ ಏನನಿಸಿತು, ಅವರು ಇನ್ನೂ ಸ್ವಲ್ಪ ದಿನ ಆಡಬೇಕಿತ್ತಾ ಅಂತ. ಎರಡನೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಕಿರಲಿಲ್ಲ. ಸರಿಯಾದ ಹೊತ್ತಿಗೇ ಹೋದರು. ಆದರೂ ಹೊಟ್ಟೆಯಲ್ಲಿ ಸಂಕಟ ಆಗಿದ್ದು ಸುಳ್ಳಲ್ಲ.

ನಮ್ಮದು ಗಂಗಾವತಿ ಕಡೆ, ಭತ್ತದ ಸೀಮೆ. ಹುಡುಗರಿದ್ದಾಗ ನಾವು ಆಡುತ್ತಿದ್ದದ್ದು ಕೊಯ್ಲಾದ ಗದ್ದೆಯಲ್ಲಿ, ಇಲ್ಲವೇ ಯಾರಾದರೂ ಬೈದು ಓಡಿಸುವ ತನಕ ಕಣದಲ್ಲಿ. ಗದ್ದೆಯಲ್ಲಿ ಕೂಳೆಗೆ ತಾಗಿದ ಬಾಲ್ ಎತ್ತ ಹೋಗುತ್ತದೋ ದೇವರಿಗೇ ಗೊತ್ತು. ಕಣ ಹಾಗಲ್ಲ, ಗಟ್ಟಿ ನೆಲ. ಟೆನಿಸ್ ಬಾಲಿಗೆ ಕಪ್ಪು ಟೇಪ್ ಸುತ್ತಿ ಅಲ್ಲಿ ಹಾಕಿದರೆ, ಮಣಿಕಟ್ಟು ಎಷ್ಟು ತಿರುವಿದರೂ ಬಾಲ್ ತಿರುಗಲ್ಲ. ಜಾರಿಕೊಂಡು ಬಂದು ಸೀದಾ ಮೊಣಕಾಲ ಕೆಳಗೆ ಬಡಿಯುತ್ತೆ. ಹಾಗಾಗಿ ಟಿವಿಯಲ್ಲಿ ಬಾಲನ್ನು ಭಾರಿ ತಿರುಗಿಸುವ ಆಸ್ಟ್ರೇಲಿಯಾದ ಶೇನ್ ವಾರ್ನ್ ನೋಡಿ ಬಾಯಿ ಬಿಡುತ್ತಿದ್ದೆವು, ಕಣಕ್ಕೆ ಇಳಿದರೆ ಎಲ್ಲರೂ ಕುಂಬ್ಳೆಯೇ. ಓಡಿ ಬಂದು, ಹಾರಿ, ತೋಳು ಕಿವಿಗೆ ತಾಗುವ ಹಾಗೆ ಎತ್ತಿ, ಜೋರಾಗಿ ಬಿಡೋದು. ಕಾಲಿಗೆ ಬಿದ್ದರೆ ಎಲ್ಲ ಸೇರಿ ಕೂಗೋದು. ಎಲ್‌ಬಿ, ಅಂದರೆ ವಿಕೆಟ್ ಮುಂದೆ ಕಾಲಿಗೆ ಬಡಿದದ್ದಕ್ಕೆ ಔಟ್, ಕೊಡುವ ಅಂಪೈರ್ ನಮ್ಮಲ್ಲಿ ಇರಲೇ ಇಲ್ಲ, ಆ ಮಾತು ಬೇರೆ.

ಮಿರ್ಚಿ-ಒಗ್ಗರಣಿ ಅಂಗಡಿಯಲ್ಲಿ ಕೂತರೆ ಒಬ್ಬರಾದರೂ 'ಅವನ ಬಾಲ್ ತಿರುಗಲ್ಲ ಬಿಡಪ್ಪ' ಅನ್ನುವವರು ಇದ್ದೇ ಇರುತ್ತಿದ್ದರು. ತಿರುಗಲ್ಲ, ಒಪ್ಪೋಣ. ತಿರುಗದೇ 132 ಟೆಸ್ಟಿನಲ್ಲಿ 619 ವಿಕೆಟ್ ತೆಗೆದರಲ್ಲ, ಅದಕ್ಕೇನು ಹೇಳ್ತೀರಿ? ಒಂದು ಬಾಲ್ ಸ್ವಲ್ಪ ಎಗರುತ್ತೆ, ಮುಂದಿನದು ಅಲ್ಲೇ ಬಿದ್ದು ನೆಲ ಹಿಡಿದು ಬರುತ್ತೆ. ಬ್ಯಾಟ್ ಇಳಿಯುವಷ್ಟರಲ್ಲಿ ಪ್ಯಾಡಿಗೆ ಬಡಿದಿರುತ್ತೆ. ದಿನವಿಡೀ ಅದನ್ನೇ ಮಾಡಬೇಕು. ಬೇಜಾರಾಗಬಾರದು. ನನಗೆ ಅವರಲ್ಲಿ ಹಿಡಿಸಿದ್ದು ಇದೇ.

ಇನ್ನು ಆ ದಿನ. 2008ರ ನವೆಂಬರ್ 2, ಭಾನುವಾರ. ದೆಹಲಿಯ ಕೋಟ್ಲಾ ಮೈದಾನದಲ್ಲಿ ಆಸ್ಟ್ರೇಲಿಯಾ ಎದುರು ಮೂರನೇ ಟೆಸ್ಟಿನ ಕೊನೆಯ ದಿನ. ಗಂಭೀರ್, ಲಕ್ಷ್ಮಣ್ ಇಬ್ಬರೂ ಡಬಲ್ ಸೆಂಚುರಿ ಹೊಡೆದಿದ್ದರು, ಮ್ಯಾಚ್ ಡ್ರಾ ಅಂತ ಎಲ್ಲರಿಗೂ ಗೊತ್ತಾಗಿತ್ತು. ನಾನು ಪರಿಚಯದವರ ಅಂಗಡಿಯಲ್ಲಿ ಅರ್ಧ ಟಿವಿ, ಅರ್ಧ ಹರಟೆ ಅಂತ ಕೂತಿದ್ದೆ. ಆಟದ ನಡುವೆಯೇ ಸುದ್ದಿ ಬಂತು, ಕ್ಯಾಪ್ಟನ್ ಕುಂಬ್ಳೆ ನಿವೃತ್ತಿ ಅಂತೆ. ಅಂಗಡಿಯವರು ಗಿರಾಕಿಗೆ ಚಿಲ್ಲರೆ ಕೊಡೋದು ಬಿಟ್ಟು ವಾಲ್ಯೂಮ್ ಜಾಸ್ತಿ ಮಾಡಿದರು. ಗಿರಾಕಿಯೂ ಚಿಲ್ಲರೆ ಕೇಳಲಿಲ್ಲ.

ಅದೇ ಮ್ಯಾಚಿನಲ್ಲಿ ಕ್ಯಾಚ್ ಹಿಡಿಯಲು ಹೋಗಿ ಅವರ ಎಡಗೈ ಕಿರುಬೆರಳು ಸೀಳಿ 11 ಹೊಲಿಗೆ ಬಿದ್ದಿತ್ತು. ಆದರೂ ಪಟ್ಟಿ ಸುತ್ತಿಕೊಂಡು ಮತ್ತೆ ಬಂದು ಬೌಲಿಂಗ್ ಮಾಡಿದರು. ನಿವೃತ್ತಿ ಹೇಳಿದ ಮೇಲೂ, ಕೊನೆಯಲ್ಲಿ ಆಸ್ಟ್ರೇಲಿಯಾದ ಎರಡನೇ ಇನಿಂಗ್ಸಿಗೆ ಕೆಲವು ಓವರ್ ಹಾಕಿಯೇ ಹೋದರು. ಆಮೇಲೆ ತಂಡದವರು ಹೆಗಲ ಮೇಲೆ ಕೂರಿಸಿಕೊಂಡು ಮೆರೆಸಿದರು. 1999ರಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ ತೆಗೆದಿದ್ದೂ ಅದೇ ಕೋಟ್ಲಾದಲ್ಲಿ, 74 ರನ್ ಕೊಟ್ಟು. ಅವತ್ತು ಹತ್ತನೆಯದೂ ಕುಂಬ್ಳೆಗೇ ಸಿಗಲಿ ಅಂತ ನಮ್ಮ ಶ್ರೀನಾಥ್ ಬೇಕಂತಲೇ ವಿಕೆಟ್‌ನಿಂದ ದೂರ ದೂರ ಎಸೆದಿದ್ದು ನೆನಪಿದೆಯಲ್ವಾ? ನಮ್ಮೂರ ಕಡೆ ಆ ಕಥೆ ಹೇಳುವಾಗ ಶ್ರೀನಾಥ್‌ಗೇ ಅರ್ಧ ಮಾರ್ಕ್ಸ್ ಕೊಡುತ್ತಾರೆ.

ಬೀಳ್ಕೊಡುಗೆ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಆಗಬೇಕಿತ್ತು ಅನ್ನುವವರೂ ಇದ್ದಾರೆ. ನನಗೆ ಹಾಗನ್ನಿಸಲ್ಲ. ಅದೇ ಸರಣಿಯಲ್ಲಿ ಗಂಗೂಲಿ ಮೊದಲೇ ಹೇಳಿಬಿಟ್ಟಿದ್ದರು, ಇದೇ ಕೊನೆ ಅಂತ. ಪ್ರತಿ ಮ್ಯಾಚಿಗೂ ಅದೇ ಮಾತು, ಪ್ರತಿ ಸಲ ಔಟಾದಾಗಲೂ ಚಪ್ಪಾಳೆ. ಗಂಗೂಲಿಗೆ ಅದು ಒಪ್ಪುತ್ತಿತ್ತು. ಕುಂಬ್ಳೆಗೆ ಒಪ್ಪುತ್ತಿರಲಿಲ್ಲ. ಕೆಲಸ ಮುಗಿಯಿತು, ಲೆಕ್ಕ ಕೊಟ್ಟೆ, ಹೊರಟೆ ಅನ್ನುವ ಜಾತಿ ಅದು. ಸರಣಿ ಗೆದ್ದ ಮೇಲೆ ನಾಗಪುರದಲ್ಲಿ ಹೊಸ ಕ್ಯಾಪ್ಟನ್ ಧೋನಿ ಕುಂಬ್ಳೆಯನ್ನು ಕರೆದು ಜೊತೆಯಲ್ಲೇ ಟ್ರೋಫಿ ಎತ್ತಿದರು. ಅಷ್ಟು ಸಾಕು.

ಕೆಲವರು 2009ರ ಐಪಿಎಲ್ ಫೈನಲ್ ತೋರಿಸಿ ವಾದ ಮಾಡುತ್ತಾರೆ. ಜೊಹಾನ್ಸ್‌ಬರ್ಗಿನಲ್ಲಿ ಆರ್‌ಸಿಬಿ ಕ್ಯಾಪ್ಟನ್ ಆಗಿ ಮೊದಲ ಓವರ್ ತಾವೇ ಹಾಕಿ ಎದುರಾಳಿ ಕ್ಯಾಪ್ಟನ್ ಗಿಲ್‌ಕ್ರಿಸ್ಟ್‌ನ ಸೊನ್ನೆಗೆ ಬೌಲ್ಡ್ ಮಾಡಿದರು. ಒಟ್ಟು 16 ರನ್ನಿಗೆ 4 ವಿಕೆಟ್. ಆದರೂ 6 ರನ್ನಿನಿಂದ ಸೋತೆವು, ಆ ಹೊಟ್ಟೆಯುರಿ ಈಗ ಬೇಡ. 'ನೋಡು, ಇನ್ನೂ ಆಡಬಹುದಿತ್ತು' ಅಂತ ಆಗಲೇ ನನ್ನ ಗೆಳೆಯ ಶುರು ಮಾಡಿದ್ದ, ಇವತ್ತಿಗೂ ಬಿಟ್ಟಿಲ್ಲ. ಅವನಿಗೆ ನಾನು ಹೇಳೋದು ಇಷ್ಟೇ. ಅಲ್ಲಿ ನಾಲ್ಕು ಓವರ್. ಟೆಸ್ಟಿನಲ್ಲಿ ಅದು ಬರೀ ಮೈ ಬಿಸಿ ಮಾಡಿಕೊಳ್ಳೋಕೆ. ಆಮೇಲೆ ಇನ್ನೂ ಮೂವತ್ತು ಹಾಕಬೇಕು, ನಾಳೆ ಮತ್ತೆ ಬರಬೇಕು. ಆ ಮನುಷ್ಯ ಟೆಸ್ಟಿನಲ್ಲಿ ಎಸೆದದ್ದು 40,850 ಬಾಲ್. ಬಾಲ್ ಹಾಕುವ ಭುಜವೇ ಕೈಕೊಟ್ಟು 2001ರ ಆಸ್ಟ್ರೇಲಿಯಾ ಸರಣಿಯನ್ನೇ ಕಳೆದುಕೊಂಡಿದ್ದರು. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು ವೆಸ್ಟ್ ಇಂಡೀಸಿನ ಲಾರಾ ವಿಕೆಟ್ ಕಿತ್ತವರು ಸುಮ್ನೆ ಸುಸ್ತು ಅಂತ ಹೇಳುವವರಲ್ಲ. 2008ರ ಆ ಸರಣಿಯಲ್ಲಿ ಬೆಂಗಳೂರಲ್ಲೇ ಒಂದೂ ವಿಕೆಟ್ ಸಿಗಲಿಲ್ಲ, ಮೊಹಾಲಿಗೆ ಭುಜನೋವಿನಿಂದ ಆಡಲೇ ಇಲ್ಲ. 38 ವಯಸ್ಸು. ನಮಗಿಂತ ಮೊದಲು ಅವರಿಗೇ ಗೊತ್ತಾಗಿತ್ತು.