ಆ ಲೋಟದ ಮಜ್ಜಿಗೆ ಏನಾಯ್ತು?

ಪ್ರಿಯ ಗೆಳೆಯರೇ,

‘ನಾವು ಮತ್ತು ಅವರು’ ಅಂತ ಹೆಸರಿಟ್ಟು ನೀವು ಕಳಿಸಿದ ಎಂಟು ಪುಟದ ಪ್ರಬಂಧ ತಲುಪಿದೆ. ಈಗಿರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ.

ಮೊದಲ ಎರಡು ಪುಟ ಪೂರ್ವಗ್ರಹ ಅಂದರೇನು ಅನ್ನುವ ಪಾಠ. ಹನ್ನೊಂದು ವಿಜ್ಞಾನಿಗಳು ಬಂದು ಹೋಗುತ್ತಾರೆ, ಮದುವೆಗೆ ಬಂದು ಮುಯ್ಯಿ ಕೊಟ್ಟು ಊಟಕ್ಕೂ ನಿಲ್ಲದೆ ಹೊರಟವರ ಹಾಗೆ. ಮೂರನೇ ಪುಟಕ್ಕೆ ಬಂದಾಗ ನಾನು ಎದ್ದು ಕೂತೆ. ವಿದ್ಯಾನಗರದಲ್ಲಿ ಬಾಡಿಗೆ ಮನೆ ಕೇಳಲು ಹೋಗಿದ್ದೀರಿ. ಏಪ್ರಿಲ್ ಬಿಸಿಲು. ಮನೆಯ ಅಜ್ಜಿ “ಬಾರಪ್ಪ, ಬಿಸಿಲಾಗ ಬಂದೀಯ” ಅಂತ ಮಜ್ಜಿಗೆ ತರುತ್ತಾರೆ. ಲೋಟ ಕೈಗೆ ಬರುವ ಮೊದಲು “ನೀವು ಯಾವ ಪೈಕಿ?” ಅನ್ನುತ್ತಾರೆ. ನೀವು ಹೇಳುತ್ತೀರಿ. ಲೋಟ ಕಿಟಕಿ ಕಟ್ಟೆ ಮೇಲೆ ಕೂರುತ್ತದೆ. “ನಮ್ ಯಜಮಾನ್ರನ್ನ ಕೇಳಿ ಫೋನ್ ಮಾಡ್ತೀವಿ.”

ಇದಕ್ಕೆ ನೀವು ಕೊಟ್ಟಿದ್ದು ನಾಲ್ಕೇ ಸಾಲು! ಆ ಮಜ್ಜಿಗೆ ಕುಡಿದಿರಾ, ಇಲ್ವಾ? ಅಜ್ಜಿ ಆಮೇಲೆ ನಿಮ್ಮ ಮುಖ ನೋಡಿದರಾ? ನನಗೆ ಬೇಕಾಗಿದ್ದು ಅದು.

ಅಲ್ಲಿಂದ ನೇರ ಅಮೆರಿಕದ ಸಮಾಜಶಾಸ್ತ್ರದ ಪ್ರೊಫೆಸರ್ ಲಾಪಿಯರ್‌ಗೆ ಹಾರಿದ್ದೀರಿ, ಅದೂ ತಪ್ಪಾಗಿ. “ಜನ ಕಾಗದದಲ್ಲಿ ಒಳ್ಳೆಯವರು, ಎದುರಿಗೆ ಕೆಟ್ಟವರು” ಅಂತ ಬರೆದಿದ್ದೀರಿ. ನಡೆದದ್ದು ಇದರ ತಿರುಗುಮುರುಗು. ಅವನು ಒಂದು ಚೀನೀ ದಂಪತಿಯ ಜೊತೆ ಅಮೆರಿಕ ಸುತ್ತಿದ. 251 ಹೋಟೆಲು, ಲಾಡ್ಜುಗಳಲ್ಲಿ ಒಂದೇ ಒಂದು ಕಡೆ ಜಾಗ ಇಲ್ಲ ಅಂದರು. ಆಮೇಲೆ ಅಲ್ಲಿಗೆಲ್ಲ ಕಾಗದ ಬರೆದು ಕೇಳಿದಾಗ, ಉತ್ತರ ಕೊಟ್ಟ 128 ಕಡೆಯವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಚೀನೀಯರನ್ನು ಸೇರಿಸುವುದಿಲ್ಲ ಅಂದರು. 1934ರಲ್ಲಿ ಅವನು ಪ್ರಕಟಿಸಿದ ಮಾತು ಇದು. ದಂಪತಿಯ ಜೊತೆಯಲ್ಲಿ ಬಿಳಿಯ ಪ್ರೊಫೆಸರ್ ಆದ ಅವನೇ ಇದ್ದ, ಕಾಗದಕ್ಕೆ ಉತ್ತರ ಬರೆದವರೇ ಕೌಂಟರಿನಲ್ಲೂ ಇದ್ದರೋ ಗೊತ್ತಿಲ್ಲ ಅನ್ನುವ ತಕರಾರುಗಳೂ ಇವೆ. ಅವನ್ನೂ ಒಂದು ಸಾಲಿನಲ್ಲಿ ಹೇಳಬೇಕು. ಆದರೆ ನಿಮ್ಮ ಅಜ್ಜಿಯನ್ನು ನೋಡಿ: ಮುಖ ಕಂಡಾಗ ಮಜ್ಜಿಗೆ ತಂದರು, ಪೈಕಿ ಗೊತ್ತಾದಾಗ ಕೆಳಗಿಟ್ಟರು. ಅಮೆರಿಕದ ಎರಡು ಬಾಗಿಲೂ ಒಂದೇ ಹೊಸ್ತಿಲಲ್ಲಿ ಸಿಕ್ಕಿವೆ, ನೀವು ದಾಟಿಕೊಂಡು ಹೋಗಿದ್ದೀರಿ.

ಚಿತ್ರದುರ್ಗದ ಕೋಟೆ ಹತ್ತುತ್ತಾ ಹುಡುಗ ಹುಡುಗಿ ಪ್ರೀತಿಗೆ ಬೀಳುವ ಭಾಗ ತೆಗೆಯಿರಿ. ಅದು 1974ರ ಕೆನಡಾದ ತೂಗುಸೇತುವೆ ಪ್ರಯೋಗಕ್ಕೆ, ಅಂದರೆ ಭಯಕ್ಕೆ ಹೊಡೆದುಕೊಂಡ ಎದೆಯನ್ನು ಜನ ಸೆಳೆತ ಅಂದುಕೊಳ್ಳುತ್ತಾರೆ ಅಂದ ಪ್ರಯೋಗಕ್ಕೆ, ನಮ್ಮ ಕಡೆಯ ಅಂಗಿ ತೊಡಿಸಿದ್ದು ಅಂತ ಗೊತ್ತಾಗಿಬಿಡುತ್ತದೆ. ಕೋಟೆ ಹತ್ತಿದರೆ ಏದುಸಿರು ಬರುತ್ತೆ, ಕೋತಿ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುತ್ತೆ. ಅಷ್ಟೇ.

ನಿಜವಾದ ಸೆಳೆತ ಏಳನೇ ಪುಟದಲ್ಲಿದೆ. ಕೊನೆಗೆ ನಿಮಗೆ ಮನೆ ಸಿಕ್ಕಿದ್ದು ಒಂದು ವಠಾರದಲ್ಲಿ, ಮೆಟ್ಟಿಲ ಕೆಳಗೆ. ಪಕ್ಕದಲ್ಲೇ ನಲ್ಲಿ. ಮೇಲಿನ ಮನೆಯವನು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವನು. ಕೊಡ ತುಂಬುವಷ್ಟು ಹೊತ್ತು ದಿನಾ ಮಾತು, ಆರು ತಿಂಗಳಲ್ಲಿ ಜೀವದ ಗೆಳೆತನ. ಅಮೆರಿಕದ ಮನೋವಿಜ್ಞಾನಿ ಫೆಸ್ಟಿಂಗರ್ ಮತ್ತು ಸಂಗಡಿಗರು 1950ರಲ್ಲಿ ಬರೆದದ್ದು ಇದನ್ನೇ. ವಿದ್ಯಾರ್ಥಿ ಕುಟುಂಬಗಳ ವಸತಿಯಲ್ಲಿ ಪಕ್ಕದ ಬಾಗಿಲಿನವರೇ ಜಾಸ್ತಿ ಗೆಳೆಯರಾಗಿದ್ದರು. ಮೆಟ್ಟಿಲ ಬುಡದಲ್ಲಿದ್ದವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರಿದ್ದರು. ಹಾಗಾದರೆ ಆ ಅಜ್ಜಿ ಕೊಡದೆ ಹೋದದ್ದು ಬರೀ ಎರಡು ಕೋಣೆಯೇ? ಅವರ ಮನೆಗೂ ಒಂದು ಮೆಟ್ಟಿಲು, ಒಂದು ನಲ್ಲಿ ಇತ್ತು ಅಲ್ವಾ? ನಿಮ್ಮ ಬರಹದ ಎರಡು ತುಂಡು ಸೇರುವುದು ಇಲ್ಲಿ.

ಇನ್ನೊಂದು ಮಾತು, ಬೇಜಾರಾಗಬೇಡಿ. ಆ ಭಟ್ಟಿಯವನ ಬಗ್ಗೆ “ಮೊದಮೊದಲು ಸ್ವಲ್ಪ ಮುಜುಗರ ಇತ್ತು” ಅಂತ ಬರೆದು ಮುಂದಕ್ಕೆ ಓಡಿದ್ದೀರಿ. ಎಂಥ ಮುಜುಗರ? ಹೊಗೆ ವಾಸನೆಯದೋ, ಅವನ ಹೆಸರಿನದೋ? ಅಜ್ಜಿಯನ್ನು ಬಿಡಿಸಿ ಬರೆದ ಕೈಯೇ ನಿಮ್ಮ ಸರದಿ ಬಂದಾಗ ಮುಷ್ಟಿ ಕಟ್ಟಿದೆ. ನಾನೇನು ಸಾಚಾ ಅಲ್ಲ. ಲಕೋಟೆ ಬಂದಾಗ ಒಡೆಯುವ ಮೊದಲೇ ನಿಮ್ಮ ಹೆಸರು, ಊರು ನೋಡಿ ಯಾವ ಪೈಕಿ ಇರಬಹುದು ಅಂತ ಲೆಕ್ಕ ಹಾಕಿದ್ದೆ. ಲೆಕ್ಕ ತಪ್ಪಿತ್ತು ಅಂತ ಮೂರನೇ ಪುಟದಲ್ಲಿ ಗೊತ್ತಾಯಿತು.

ನಾಲ್ಕು ಪುಟ ಸಾಕು. ಹನ್ನೊಂದರಲ್ಲಿ ಇಬ್ಬರು ವಿಜ್ಞಾನಿಗಳು ಉಳಿಯಲಿ. ದಸರೆಯೊಳಗೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ನೋಡುತ್ತೇನೆ. ಕೈಬರಹವಾದರೂ ಪರವಾಗಿಲ್ಲ, ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ.

ನಿಮ್ಮ,
ಸಂಪಾದಕ
ದಾವಣಗೆರೆ